ಕೈವಾರದಲ್ಲಿ ಮೂಡಿದ ಸಿಂಹಮುಖ

ಪ್ರಾಣಿಗಳ ತಲೆಯನ್ನು ವೃತ್ತ, ತ್ರಿಕೋನ, ಚೌಕಗಳಿಂದ ಕಟ್ಟಿಕೊಂಡು ಬರೆಯುವ ಕ್ರಮವನ್ನು ಚಿತ್ರಕಲೆಯ ಪಾಠಪುಸ್ತಕಗಳು ಇಂದಿಗೂ ಬೋಧಿಸುತ್ತವೆ. ಯುರೋಪಿನಲ್ಲಿ ಈ ಕ್ರಮಕ್ಕೆ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಮುಖ್ಯವಾದುದು, 13ನೆಯ ಶತಮಾನದ ಪೂರ್ವಾರ್ಧದಲ್ಲಿ ಪಿಕಾರ್ದಿ ಪ್ರಾಂತದ ವಿಲಾರ್ ದ ಒನೆಕೂರ್ ಎಂಬಾತನು ರಚಿಸಿದ ಚಿತ್ರಸಂಪುಟ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಈ ಚರ್ಮಪತ್ರದ ಹೊತ್ತಗೆಯಲ್ಲಿ ಉಳಿದಿರುವ ಹಾಳೆಗಳು 33 ಮಾತ್ರ. ಅವುಗಳಲ್ಲಿ ಕೆಲವು ಪುಟಗಳ ಮೇಲೆ ಮನುಷ್ಯರ ಹಾಗೂ ಪಶುಪಕ್ಷಿಗಳ ರೂಪಗಳು ರೇಖಾಗಣಿತದ ಆಕೃತಿಗಳೊಡನೆ ಹೆಣೆದುಕೊಂಡಿವೆ. ಕೆಲಸ ಸುಲಭವಾಗಲೆಂದು ರೇಖಾಗಣಿತ ಕಲಿಸುವ ವಿಧಾನವಿದು ಎಂದು ಕರ್ತೃವೇ ಹೇಳಿಕೊಂಡಿದ್ದಾನೆ.

ಇದೇ ಸಂಪುಟದಲ್ಲಿ ನಮಗೆ ಎದುರುಮುಖವಾಗಿ ನಿಂತ ಸಿಂಹವೊಂದಿದೆ. ಅದರ ಪಕ್ಕದಲ್ಲಿ ಒಂದು ಮುಳ್ಳುಹಂದಿ. ಸಿಂಹವನ್ನು ಸಜೀವ ಪ್ರಾಣಿಯಿಂದಲೇ ಚಿತ್ರಿಸಿದುದಾಗಿ ವಿಲಾರನು ಬರೆದಿದ್ದಾನೆ. ಆದರೆ ಅದರ ಮುಖ ಕೈವಾರದ ವೃತ್ತಕ್ಕೆ ಅಳವಟ್ಟಿದೆ. ಕೇಸರವೂ ಅಲಂಕಾರದ ಸುರುಳಿಗಳಂತೆ ಸಾಲುಗೊಂಡಿದೆ. ಹಾಗಾದರೆ ಆತನು ಸುಳ್ಳು ಹೇಳಿದನೆ? ಅಷ್ಟು ಅವಸರದ ತೀರ್ಪು ಸಲ್ಲದು.

1921ರ ತಮ್ಮ ಪ್ರಬಂಧದಲ್ಲಿ ಎರ್ವಿನ್ ಪನೋಫ್‌ಸ್ಕಿಯವರು ವಿಲಾರನ ಆಕೃತಿಗಳು ಶರೀರದ ಪ್ರಮಾಣವನ್ನು ಅಳೆಯುವುದಕ್ಕಾಗಿ ಇದ್ದವಲ್ಲ, ರೇಖೆ ಸಾಗಬೇಕಾದ ದಿಕ್ಕನ್ನು ತೋರುವುದಕ್ಕಾಗಿ ಇದ್ದವು ಎಂದು ವಾದಿಸಿದರು. ಅರ್ನ್ಸ್ಟ್ ಗೊಂಬ್ರಿಕ್ಕರು 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಿಂಹವನ್ನೇ ನಿದರ್ಶನವಾಗಿ ತೆಗೆದುಕೊಂಡು, ಕಲಾವಿದನು ನಿಜವಾದ ಸಿಂಹದ ಎದುರಿನಲ್ಲಿಯೂ ತನಗೆ ಮೊದಲೇ ತಿಳಿದಿದ್ದ ಮಾದರಿಯನ್ನೇ ಬರೆದಿರಬೇಕೆಂದು ಊಹಿಸಿದರು. ಈ ಎರಡು ಅಭಿಪ್ರಾಯಗಳನ್ನು ಕೂಡಿಸಿ ನೋಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆಂದು ನಮ್ಮ ಭಾವನೆ. ವೃತ್ತವು ಸಿಂಹದ ತಲೆಬುರುಡೆಯಿಂದ ಹುಟ್ಟಿದುದಲ್ಲ. ಕೈಯ ಅಭ್ಯಾಸದಿಂದ ಬಂದುದು. ತಲೆಯ ಒಳಗೆ ಗೋಲವೊಂದು ಅಡಗಿದೆಯೆಂಬ ಇಂದಿನ ಪಾಠಪುಸ್ತಕದ ಮಾತನ್ನು ವಿಲಾರನ ಮೇಲೆ ಹೊರಿಸುವುದು ಯುಕ್ತವಲ್ಲ: ಆತನ ವೃತ್ತ ಹಾಳೆಯ ಮೇಲಣದು, ಅದಕ್ಕೆ ಆಳವಿಲ್ಲ. ಈ ಭೇದವನ್ನು ಮರೆತುದರಿಂದಲೇ ಆತನನ್ನು ಆಧುನಿಕ ವಿಧಾನದ ಮೂಲಪುರುಷನೆಂದು ಕೊಂಡಾಡುವ ವಾಡಿಕೆ ಬೆಳೆದಿರುವಂತೆ ತೋರುತ್ತದೆ.

ಹೋಲಿಕೆಗೆ ಜಪಾನಿನ ಹೊಕುಸಾಯಿಯನ್ನು ನೋಡಬಹುದು. 1812ರಲ್ಲಿ ಪ್ರಕಟವಾದ ಆತನ ಶೀಘ್ರಚಿತ್ರಬೋಧೆಯ ಮೊದಲ ಭಾಗದಲ್ಲಿ ಸಿದ್ಧಚಿತ್ರದೊಡನೆ ಅದನ್ನು ಕಟ್ಟಿದ ಕಂಸಗಳೂ ವೃತ್ತಗಳೂ ಮುದ್ರಿತವಾಗಿವೆ. ವಿಲಾರನ ಸಂಪುಟ ಒಂದೇ ಒಂದು ಹಸ್ತಪ್ರತಿ; ಹೊಕುಸಾಯಿಯದು ಮರದಚ್ಚಿನಿಂದ ಮುದ್ರಣಗೊಂಡು ಕಲಿಯುವವರ ಕೈಸೇರಿದ ಪುಸ್ತಕ. ಅಲ್ಲಿ ಕೈವಾರವನ್ನು ಯಾರೂ ಮರೆಮಾಚಿಲ್ಲ. ಓದುಗನೂ ಅದನ್ನು ಹಿಡಿಯಲೆಂದೇ ಆ ಕಂಸಗಳನ್ನು ಹಾಗೆಯೇ ಬಿಟ್ಟಿದೆ.