ತರಗತಿ ಬೋಧನೆಯಲ್ಲಿ ತಂತ್ರಜ್ಞಾನ: ಭಾರತದ ಇತಿಹಾಸ

ತರಗತಿಯಲ್ಲಿ ಪಾಠ ಹೇಳಲು ನೆರವಾಗುವ ಸಾಧನಗಳ ಸಾಲು ಕಪ್ಪುಹಲಗೆಯಿಂದ ಶುರುವಾಗಿ ರೇಡಿಯೊ, ದೂರದರ್ಶನ, ಕಂಪ್ಯೂಟರ್ ಹಾಗೂ ಮೊಬೈಲ್ ಫೋನಿನವರೆಗೆ ಬೆಳೆದಿದೆ. ಭಾರತದಲ್ಲಿ ವಿದ್ಯುನ್ಮಾನ ಸಾಧನಗಳ ಬಳಕೆ 1930ರ ದಶಕದ ಶಾಲಾ ಬಾನುಲಿ ಪ್ರಸಾರದೊಂದಿಗೆ ಆರಂಭವಾಯಿತು. ಪಾಠದ ಗತಿಯನ್ನು ತರಗತಿಯ ಶಿಕ್ಷಕರು ನಿರ್ಧರಿಸಬೇಕೋ ದೂರದ ಕೇಂದ್ರವೊಂದು ನಿರ್ಧರಿಸಬೇಕೋ ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಇದೆ.

ಹಲಗೆ ಮತ್ತು ಬಳಪ

ಹಳೆಯ ಕಾಲದ ಊರಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು ಅಳಿಸುವುದು ಕನ್ನಡನಾಡಿನ ಲೆಕ್ಕಪತ್ರಗಳಲ್ಲಿ ರೂಢಿಯಾಗಿತ್ತು. ಇಡೀ ತರಗತಿಗೆ ಕಾಣುವ ಗೋಡೆಯ ಹಲಗೆ 19ನೇ ಶತಮಾನದ ಆರಂಭದಲ್ಲಿ ಯುರೋಪ್ ಮತ್ತು ಅಮೆರಿಕದ ಶಾಲೆಗಳಿಗೆ ಬಂದು, ಬ್ರಿಟಿಷ್ ಆಳ್ವಿಕೆಯ ಶಾಲೆಗಳ ಮೂಲಕ ಭಾರತದಲ್ಲಿ ಹರಡಿತು. ಆದರೂ ಎಲ್ಲ ಶಾಲೆಗಳಿಗೆ ಅದು ದಕ್ಕಲಿಲ್ಲ. ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ 2 ಕೊಠಡಿ, 2 ಶಿಕ್ಷಕರು ಮತ್ತು ಬೋಧನೋಪಕರಣ ಒದಗಿಸಲು 1987ರಲ್ಲಿ ಆರಂಭವಾದ ಕೇಂದ್ರ ಯೋಜನೆಗೆ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂದೇ ಹೆಸರಿಡಲಾಯಿತು.

ಬಾನುಲಿ ಮತ್ತು ದೆಹಲಿಯ ಶಾಲಾ ದೂರದರ್ಶನ

ಆಕಾಶವಾಣಿ 1930ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಕೇಂದ್ರಗಳಿಂದ ಶಾಲಾ ಪಾಠಗಳನ್ನು ಬಿತ್ತರಿಸತೊಡಗಿತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ದೂರದರ್ಶನ ಪ್ರಸಾರ ಪ್ರಾಯೋಗಿಕವಾಗಿ ಶುರುವಾಗಿ ಎರಡು ವರ್ಷ ಕಳೆದ ಮೇಲೆ, 1961ರ ಅಕ್ಟೋಬರಿನಲ್ಲಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿನ ಪ್ರೌಢಶಾಲೆಗಳಿಗೆ ಪಠ್ಯಾಧಾರಿತ ಟಿ.ವಿ. ಪಾಠಗಳು ಆರಂಭವಾದವು. ಪ್ರಯೋಗಾಲಯವಿಲ್ಲದ ಶಾಲೆಯ ಮಕ್ಕಳು ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪ್ರಯೋಗಗಳನ್ನು ಪರದೆಯ ಮೇಲೆ ನೋಡಬಹುದಾಯಿತು. ಪ್ರಸಾರಕ್ಕೆ ಮೊದಲು ವಿಷಯ ಪರಿಚಯಿಸುವುದು, ಮುಗಿದ ಮೇಲೆ ಚರ್ಚೆ ನಡೆಸುವುದು ತರಗತಿಯ ಶಿಕ್ಷಕರ ಪಾಲಿನ ಕೆಲಸವಾಗಿತ್ತು. ಆದರೆ ಪ್ರಸಾರದ ಗಂಟೆಗೆ ಶಾಲೆಯ ವೇಳಾಪಟ್ಟಿಯೇ ಹೊಂದಿಕೊಳ್ಳಬೇಕಿತ್ತು. ಮಗು ಕೈಯೆತ್ತಿ ಪ್ರಶ್ನೆ ಕೇಳಿದರೂ ಪಾಠ ನಿಲ್ಲುತ್ತಿರಲಿಲ್ಲ.

ಸೈಟ್ ಪ್ರಯೋಗ (1975–76)

ಉಪಗ್ರಹದ ಮೂಲಕ ನೇರವಾಗಿ ಹಳ್ಳಿಗೆ ಪಾಠ ತಲುಪಿಸುವ ಕನಸು ಬಾಹ್ಯಾಕಾಶ ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರದು. ‘ಸೈಟ್’ (ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ) ಎಂದು ಹೆಸರಾದ ಇದಕ್ಕಾಗಿ ಅಮೆರಿಕದ ನಾಸಾ ಜೊತೆ 1969ರಲ್ಲಿ ಒಪ್ಪಂದವಾಯಿತು. ಸಾರಾಭಾಯಿ 1971ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಎಟಿಎಸ್–6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಸುಮಾರು 3 ಮೀಟರ್ ಅಗಲದ ತಂತಿಬಲೆಯ ಬುಟ್ಟಿಯಂಥ ಆಂಟೆನಾ ಊರಿನಲ್ಲಿ ನಿಂತಿತು. ಆ ಊರುಗಳ ಬಹುಪಾಲು ಮಂದಿ ಟಿ.ವಿ. ನೋಡಿದ್ದು ಅದೇ ಮೊದಲು.

ಬೆಳಗಿನ ಪ್ರಸಾರ 5ರಿಂದ 12 ವರ್ಷದ ಮಕ್ಕಳಿಗೆ ಮೀಸಲು. ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಗಳಿಗೆ ಸಮನಾಗಿ ಹಂಚಲಾಗಿತ್ತು. ಹೀಗೆ ಕನ್ನಡಕ್ಕೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಸಿಕ್ಕಿತು. ಕನ್ನಡ ಕಾರ್ಯಕ್ರಮಗಳು ತೆಲುಗಿನ ಜೊತೆಗೆ ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಇಸ್ರೊ ತಾನೇ ಮುಂಬಯಿಯಲ್ಲಿ ತಯಾರಿಸಿತು. ಶಾಲೆಗೆ ರಜೆಯಿದ್ದಾಗ ಅದೇ ಪರದೆ ಶಿಕ್ಷಕರ ತರಬೇತಿಗೆ ಬಳಕೆಯಾಯಿತು. ಟಿ.ವಿ., ರೇಡಿಯೊ, ಮುದ್ರಿತ ಕೈಪಿಡಿ ಮತ್ತು ಕೈಯಾರೆ ಮಾಡುವ ಪ್ರಯೋಗಗಳನ್ನು ಒಗ್ಗೂಡಿಸಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತು. ಅಷ್ಟು ಶಿಕ್ಷಕರಿಗೆ ಅವರವರ ಊರಿನ ಆಸುಪಾಸಿನಲ್ಲೇ ಒಟ್ಟಿಗೆ ಕಲಿಸಿದ ಈ ಭಾಗವೇ ಸೈಟ್‌ನ ದೊಡ್ಡ ಸಾಧನೆ.

ಮಕ್ಕಳ ಭಾಷಾ ಬೆಳವಣಿಗೆಯಲ್ಲಿ, ಹೊಸದನ್ನು ತಿಳಿಯುವ ಆಸಕ್ತಿಯಲ್ಲಿ ಮೌಲ್ಯಮಾಪಕರು ಹೆಚ್ಚಳ ಕಂಡರು. ಶಾಲಾ ಅಂಕಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ವರ್ಷ ಮುಗಿದ ಮೇಲೆ ಉಪಗ್ರಹ ಅಮೆರಿಕದ ಬಳಕೆಗೆ ಮರಳಿತು. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ನೆಲಪ್ರಸಾರ ಶುರುವಾದದ್ದು ಈ ಪ್ರಯೋಗದ ಫಲ.

ಕಂಪ್ಯೂಟರ್

ಕೇಂದ್ರ ಸರ್ಕಾರ 1984–85ರಲ್ಲಿ ‘ಕ್ಲಾಸ್’ ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ತಂತ್ರಾಂಶ ಬಹುಪಾಲು ಇಂಗ್ಲಿಷಿನಲ್ಲಿತ್ತು. ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ ಬಂತು. ಕಲಿಸುವ ಹೊಣೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಿದ್ದರಿಂದ ಕಂಪ್ಯೂಟರ್ ಪ್ರತ್ಯೇಕ ಕೊಠಡಿಯ, ಪ್ರತ್ಯೇಕ ಬೋಧಕರ ವಿಷಯವಾಗಿ ಉಳಿಯಿತು. ಗಣಿತ, ಸಮಾಜದ ಪಾಠಗಳು ಪಕ್ಕದ ಕೊಠಡಿಯಲ್ಲಿ ಹಿಂದಿನಂತೆಯೇ ಸಾಗಿದವು.

ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ@ಸ್ಕೂಲ್’ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶವನ್ನು ಬಳಸಲಾಯಿತು. ಕರ್ನಾಟಕದಲ್ಲಿ ಅಂಥ ಪ್ರಯತ್ನ 2011ರಲ್ಲಿ ಮೊದಲಾದ ‘ವಿಷಯ ಶಿಕ್ಷಕರ ವೇದಿಕೆ’. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು (ಡಿಎಸ್‌ಇಆರ್‌ಟಿ) ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರನ್ನು ಇದರಲ್ಲಿ ಒಂದುಗೂಡಿಸಿತು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಬಳಸಿ ರೇಖಾಗಣಿತ ಕಲಿಸುವುದು, ತಯಾರಿಸಿದ ಪಾಠವನ್ನು ಇತರ ಶಿಕ್ಷಕರೊಡನೆ ಹಂಚಿಕೊಳ್ಳುವುದು ರೂಢಿಗೆ ಬಂತು. ಇದಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಅನುಕೂಲ ಮೊದಲೇ ಸಿದ್ಧವಾಗಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರ ‘ಬರಹ’, ಆನಂತರದ ‘ನುಡಿ’ ತಂತ್ರಾಂಶಗಳು ಇಲ್ಲದಿದ್ದರೆ ಕನ್ನಡ ಮಾಧ್ಯಮದ ಶಿಕ್ಷಕರು ಸ್ವಂತ ಪಾಠ ರಚಿಸುವುದು ಕಷ್ಟವಿತ್ತು.

ಎಜುಸ್ಯಾಟ್ ಮತ್ತು ಹೊಸ ಬಾನುಲಿ

ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೊ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿಸಿತು. ಕರ್ನಾಟಕದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳ ಜೊತೆಗೆ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳೂ ಇದರ ಪ್ರಯೋಗಕ್ಕೆ ಒಳಪಟ್ಟವು. ಅದೇ ದಶಕದಲ್ಲಿ ಆಕಾಶವಾಣಿಯ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ಯಂಥ ಕಾರ್ಯಕ್ರಮಗಳು ಹಾಡು, ಕತೆ, ಆಟಗಳ ನಡುವೆ ಮಕ್ಕಳ ಉತ್ತರಕ್ಕಾಗಿ ಬಿಡುವು ಕೊಡುತ್ತಿದ್ದವು. ಆ ಬಿಡುವಿನಲ್ಲಿ ಪಾಠ ನಡೆಸುವವರು ತರಗತಿಯ ಶಿಕ್ಷಕರೇ. ಏಕಮುಖ ಪ್ರಸಾರದ ಹಳೆಯ ಕೊರತೆಗೆ ಕಡಿಮೆ ಖರ್ಚಿನಲ್ಲಿ ಕಂಡುಕೊಂಡ ಪರಿಹಾರವಿದು.

ಕೋವಿಡ್ ಕಾಲ ಮತ್ತು ಆನಂತರ

ಕೇಂದ್ರದ ‘ದೀಕ್ಷಾ’ ವೇದಿಕೆ 2017ರ ಸೆಪ್ಟೆಂಬರ್ 5ರಂದು ಆರಂಭವಾಗಿ, ಪಠ್ಯಪುಸ್ತಕದ ಪುಟಗಳಿಗೆ ಕ್ಯೂಆರ್ ಸಂಕೇತಗಳು ಬಂದವು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಬೋಧನೆ ಬಹುಪಾಲು ಪರದೆಗೆ ಸರಿಯಿತು. ಕರ್ನಾಟಕದಲ್ಲಿ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿ ಪಾಠಗಳನ್ನು ಪ್ರಸಾರ ಮಾಡತೊಡಗಿತು. ಸ್ಮಾರ್ಟ್‌ಫೋನ್ ಇಲ್ಲದ, ಸಿಗ್ನಲ್ ಸಿಗದ ಮನೆಗಳ ಮಕ್ಕಳು ಹಿಂದುಳಿದರು. ಆಗಸ್ಟ್‌ನಲ್ಲಿ ಆರಂಭವಾದ ರಾಜ್ಯದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಶಿಕ್ಷಕರು ವಠಾರ, ದೇವಸ್ಥಾನದ ಅಂಗಳ, ಮರದ ನೆರಳುಗಳಿಗೆ ಹೋಗಿ ಅಂಥ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು.

ಒಟ್ಟು ನೋಟ

ಸಾಧನ ಬದಲಾದಂತೆ ಯೋಜನೆಗಳೂ ಬದಲಾದವು. ಉಪಗ್ರಹ ಮರಳಿದಾಗ, ಗುತ್ತಿಗೆ ಮುಗಿದಾಗ, ಯಂತ್ರ ಕೆಟ್ಟಾಗ ಅನೇಕ ಶಾಲೆಗಳಲ್ಲಿ ಕೆಲಸ ಅಲ್ಲಿಗೇ ನಿಂತಿತು. ಶಿಕ್ಷಕರು ಕಲಿತದ್ದು ಮಾತ್ರ ಅವರ ಜೊತೆಗೇ ಉಳಿಯಿತು. ಸೈಟ್‌ನ ಶಿಕ್ಷಕ ತರಬೇತಿ, ಕೇರಳದ ಪ್ರಯೋಗ, ವಿಷಯ ಶಿಕ್ಷಕರ ವೇದಿಕೆ ಈ ಮೂರೂ ಅದಕ್ಕೆ ಸಾಕ್ಷಿ. ಸ್ಮಾರ್ಟ್ ಬೋರ್ಡ್, ಕೃತಕ ಬುದ್ಧಿಮತ್ತೆಗಳು ಶಾಲೆಯ ಬಾಗಿಲಿಗೆ ಬಂದಿರುವ ಈ ಹೊತ್ತಿನಲ್ಲೂ ಅಳತೆಗೋಲು ಇದೇ: ಹೊಸ ಸಾಧನವನ್ನು ಬೇಕಾದಾಗ ನಿಲ್ಲಿಸುವ, ತಿದ್ದುವ, ತನ್ನ ಮಕ್ಕಳ ಕನ್ನಡಕ್ಕೆ ಹೊಂದಿಸುವ ಅಧಿಕಾರ ತರಗತಿಯ ಶಿಕ್ಷಕರಿಗಿರಬೇಕು. ಅದಕ್ಕೆ ಬೇಕಾದ ತರಬೇತಿಯ ಹಣವನ್ನು ಯಂತ್ರದ ಬೆಲೆಯ ಜೊತೆಗೇ ಲೆಕ್ಕಕ್ಕೆ ಹಿಡಿಯಬೇಕು.