‘ಕಂಪಿತ’ ಶಬ್ದದ ಅರ್ಥವಿಚಾರ

‘ಕಂಪ್’ ಎಂಬ ಸಂಸ್ಕೃತ ಧಾತುವಿಗೆ ನಡುಗು, ಅಲುಗು ಎಂಬ ಅರ್ಥಗಳು ಪ್ರಸಿದ್ಧವಾಗಿವೆ. (ಪರಿಮಳವಾಚಿಯಾದ ನಮ್ಮ ‘ಕಂಪು’ ದೇಶ್ಯಶಬ್ದ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಈ ಧಾತುವಿನಿಂದ ಸಿದ್ಧವಾದ ‘ಕಂಪಿತ’ವು ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಒಂದೆಡೆ ಗಾನದ ಅಲಂಕಾರವಾಗಿಯೂ ಮತ್ತೊಂದೆಡೆ ಗಾಯಕನ ದೋಷವಾಗಿಯೂ ಬಂದಿದೆ. ಎರಡು ಪ್ರಯೋಗಗಳೂ ಮೂರನೆಯದಾದ ಪ್ರಕೀರ್ಣಕಾಧ್ಯಾಯದಲ್ಲಿಯೇ ಇರುವುದರಿಂದ ಇದನ್ನು ಗ್ರಂಥಕಾರನ ಅನವಧಾನವೆಂದು ತಳ್ಳಿಹಾಕುವಂತಿಲ್ಲ.

ಶಾರ್ಙ್ಗದೇವನು 13ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದವನು. ಉತ್ತರ ಕರ್ಣಾಟಕದಲ್ಲಿಯೂ ಆಗ ಆ ಅರಸನ ಆಳ್ವಿಕೆ ನಡೆಯುತ್ತಿದ್ದಿತು. ಸ್ವರದ ಕಂಪವು ಶ್ರೋತೃವಿಗೆ ಹಿತವಾದಾಗ ಅದೇ ಗಮಕವೆಂಬುದು ಆತನ ಮತ. ಆತನು ಹೇಳುವ 15 ಗಮಕಗಳಲ್ಲಿ ಕಂಪಿತವೂ ಒಂದು. ಅದಕ್ಕೆ ದ್ರುತಕಾಲದ ಅರ್ಧಭಾಗದ ವೇಗ. ತಿರಿಪಕ್ಕೆ ಕಾಲುಭಾಗ, ಸ್ಫುರಿತಕ್ಕೆ ಮೂರರಲ್ಲೊಂದು ಭಾಗ, ಲೀನಕ್ಕೆ ಪೂರ್ಣ ದ್ರುತ. ಹೀಗೆ ನಡುಕಕ್ಕೂ ಲೆಕ್ಕವಿಟ್ಟಿರುವುದು ಗಮನಾರ್ಹ.

ಇನ್ನು ದೋಷದ ಮಾತು. ನಿಂದ್ಯರಾದ 25 ಬಗೆಯ ಗಾಯಕರನ್ನು ಎಣಿಸುವಾಗ ‘ಕಂಪಿತ’ನೆಂಬವನೂ ಬರುತ್ತಾನೆ. ಸಭೆಗೆ ಅಂಜಿ ಕಂಠ ನಡುಗಿದವನೇ ಇವನೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಭಯದಿಂದ ಹಾಡುವವನಿಗೆ ‘ಭೀತ’ನೆಂಬ ಬೇರೆ ಹೆಸರು ಅದೇ ಪಟ್ಟಿಯಲ್ಲಿದೆ. ಯಾರ ಶರೀರವೂ ಧ್ವನಿಯೂ ಸ್ವಭಾವದಿಂದಲೇ ಕಂಪಿಸುವುವೋ ಅವನು ಕಂಪಿತ. ‘ಸ್ವಭಾವ’ವೆಂಬ ಈ ಒಂದು ಅಂಶದಲ್ಲಿಯೇ ಅರ್ಥಭೇದದ ಕೀಲಿದೆಯೆಂದು ನಮಗೆ ತೋರುತ್ತದೆ. ಗಮಕದ ಕಂಪವನ್ನು ಗಾಯಕನು ಮಾಡುತ್ತಾನೆ. ದೋಷದ ಕಂಪವು ತಾನಾಗಿ ಆಗುತ್ತದೆ, ಅದನ್ನು ನಿಲ್ಲಿಸಲು ಅವನಿಗೆ ಶಕ್ಯವಿಲ್ಲ.

ಭರತನ ನಾಟ್ಯಶಾಸ್ತ್ರವೂ ಇಲ್ಲಿ ನೆರವಾಗುತ್ತದೆ. ಎಂಟು ಸಾತ್ತ್ವಿಕಭಾವಗಳಲ್ಲಿ ಒಂದಾದ ನಡುಕಕ್ಕೆ ಅಲ್ಲಿ ‘ವೇಪಥು’ವೆಂದು ಹೆಸರು, ಶೀತ, ಭಯಗಳಂತೆ ಹರ್ಷವೂ ಅದಕ್ಕೆ ಕಾರಣವಾಗಬಹುದು. ‘ಕಂಪಿತ’ವಾದರೋ ಪಾಠ್ಯದ ನಾಲ್ಕು ವರ್ಣಗಳಲ್ಲಿ ಒಂದು. ವೀರಕ್ಕೂ ಅದು ಸಲ್ಲುತ್ತದೆ, ಭಯಾನಕಕ್ಕೂ ಸಲ್ಲುತ್ತದೆ. ಕಂಪಿತವೆಂದರೆ ಭೀತಿಯೆಂದೇ ಆಗಿದ್ದರೆ ವೀರರಸದಲ್ಲಿ ಅದಕ್ಕೆ ಎಡೆಯೆಲ್ಲಿ?

ಆದುದರಿಂದ ಇಂಥ ಗ್ರಂಥಗಳನ್ನು ಕನ್ನಡಿಸುವವರು ಎರಡೆಡೆಯಲ್ಲಿಯೂ ‘ನಡುಕ’ವೆಂದು ಬರೆದರೆ ಶಾಸ್ತ್ರವೇ ಕೆಟ್ಟೀತು. ದೋಷಕ್ಕೆ ‘ನಡುಕ’ವು ಸಲ್ಲಲಿ, ಗಮಕಕ್ಕೆ ‘ಕಂಪಿತ’ವೆಂಬ ಹೆಸರನ್ನೇ ಉಳಿಸುವುದು ಲೇಸು. ಋಗ್ವೇದಪಾಠದ ‘ಕಂಪ’ವನ್ನೂ ಹೀಗೆಯೇ ಬಿಡಬೇಕು. ಸ್ವತಂತ್ರ ಸ್ವರಿತದ ಮುಂದೆ ಉದಾತ್ತವು ಬಂದಾಗ ಅದು ಏರ್ಪಡುತ್ತದೆ. ಲಿಖಿತಪಾಠದಲ್ಲಿ ಹ್ರಸ್ವಕ್ಕೆ 1, ದೀರ್ಘಕ್ಕೆ 3 ಎಂಬ ಅಂಕೆಯಿಂದ ಅದನ್ನು ಸೂಚಿಸುವರು.