ಹಾಡು ಮೆಚ್ಚಿದ ಮೇಲೆ ಹಾಡುಗಾರನ ನಡತೆ ಕೇಳಬಾರದೇ?

ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿಮನೆಗಳಿಗೆ ಶಾಸ್ತ್ರೀಯ ಸಂಗೀತವೂ ಭಾವಗೀತೆಯೂ ಬಂದದ್ದು ಬಹುಮಟ್ಟಿಗೆ ರೇಡಿಯೊದಿಂದ, ಆಮೇಲೆ ಕ್ಯಾಸೆಟ್‌ಗಳಿಂದ. ಕುಪ್ಪಳಿಯ ಕುವೆಂಪು ಅವರ ಕವಿತೆಯನ್ನು ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ದನಿಯಲ್ಲಿ ಕೇಳಿ ಬೆಳೆದವರು ಈ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ಅಡಿಕೆ ಸುಲಿಯುವಲ್ಲಿ ದಿನವೂ ಕೇಳಿಸುವ ದನಿ ಕ್ರಮೇಣ ಮನೆಯವರದೇ ದನಿಯಾಗುತ್ತದೆ. ಬಹುಪಾಲು ಕಲಾವಿದರು ಈ ಪ್ರೀತಿಗೆ ತಕ್ಕಂತೆಯೇ ಬಾಳಿದ್ದಾರೆ.

ಎಲ್ಲರೂ ಹಾಗಲ್ಲ. ಮೆಚ್ಚಿನ ಸಂಗೀತಗಾರನೊಬ್ಬ ಹೆಣ್ಣುಮಕ್ಕಳೊಡನೆ ಅಥವಾ ಶಿಷ್ಯರೊಡನೆ ಕೆಟ್ಟದಾಗಿ ನಡೆದುಕೊಂಡ ಸುದ್ದಿ ಬಂದಾಗ ನಮ್ಮಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, ‘ಛೆ, ಅವರು ಅಂಥವರಲ್ಲ’. ಇನ್ನೊಂದು, ‘ನಮಗೇಕೆ ಅದೆಲ್ಲ, ಹಾಡು ಚೆನ್ನಾಗಿದೆಯಲ್ಲ’. ಇವೆರಡೂ ಹೊಸ ಮಾತುಗಳಲ್ಲ. ಇವುಗಳ ಹಿಂದೆ ದೀರ್ಘ ಚರಿತ್ರೆಯೇ ಇದೆ.

2018ರ ಅಕ್ಟೋಬರ್

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹೊಸ ತಲೆಮಾರಿಗೆ ತಲುಪಿಸಿದವರು. 2008ರಲ್ಲಿ ಬಂದ ಅವರ ಧ್ವನಿಮುದ್ರಿಕೆ ಕಾಲೇಜು ಹುಡುಗ ಹುಡುಗಿಯರಿಗೆ ಬಾಯಿಪಾಠವಾಗಿತ್ತು. 2018ರ ಅಕ್ಟೋಬರ್‌ನಲ್ಲಿ ಗಾಯಕಿ ಚಿನ್ಮಯಿ ಶ್ರೀಪಾದ ಅವರು, ಹೆಸರು ಹೇಳಲಿಚ್ಛಿಸದ ಒಬ್ಬ ಗಾಯಕಿ ರಘು ದೀಕ್ಷಿತರ ಮೇಲೆ ಮಾಡಿದ ಆರೋಪವನ್ನು ಟ್ವಿಟರ್‌ನಲ್ಲಿ ಪ್ರಕಟಿಸಿದರು. ತಾವು ಆಕೆಯನ್ನು ಅಪ್ಪಿಕೊಂಡು ಮುತ್ತಿಡಲು ಯತ್ನಿಸಿದ್ದು ನಿಜ, ಆಕೆ ತಡೆದು ಸ್ಟುಡಿಯೊದಿಂದ ಹೊರಟುಹೋದರು ಎಂದು ರಘು ದೀಕ್ಷಿತ್ ಬಹಿರಂಗವಾಗಿಯೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಘಟನೆ ವರ್ಣಿಸಿದ ರೀತಿಯಲ್ಲೇ ನಡೆಯಲಿಲ್ಲ ಎಂದೂ ಹೇಳಿದರು.

ಅದೇ ತಿಂಗಳು ಕರ್ನಾಟಕ ಸಂಗೀತ ಲೋಕವೂ ಅಲುಗಿತು. ಸುಮಾರು 200 ಮಂದಿ ಮಹಿಳಾ ಕಲಾವಿದರು ಒಟ್ಟಾಗಿ ಹೇಳಿಕೆ ಹೊರಡಿಸಿ ಕಿರುಕುಳದ ವಿರುದ್ಧ ದನಿ ಎತ್ತಿದರು. ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಆರೋಪ ಕೇಳಿಬಂದಿದ್ದ ಏಳು ಕಲಾವಿದರನ್ನು ಆ ವರ್ಷದ ಡಿಸೆಂಬರ್ ಕಛೇರಿಗಳಿಂದ ಕೈಬಿಟ್ಟಿತು. 2020ರಲ್ಲಿ ಭೋಪಾಲದ ಧ್ರುಪದ್ ಸಂಸ್ಥಾನದ ಸರದಿ. 2019ರಲ್ಲಿ ತೀರಿಕೊಂಡಿದ್ದ ರಮಾಕಾಂತ ಗುಂದೇಚಾ ಹಾಗೂ ಅವರ ತಮ್ಮ, ಪಖವಾಜ್ ವಾದಕ ಅಖಿಲೇಶ್ ಗುಂದೇಚಾ ಅವರ ಮೇಲೆ ವಿದ್ಯಾರ್ಥಿನಿಯರು ದೂರಿದರು. ಅಖಿಲೇಶ್ ಆರೋಪ ಅಲ್ಲಗಳೆದರು. ತೀರಿಕೊಂಡವರು ಉತ್ತರ ಹೇಳುವಂತಿರಲಿಲ್ಲ.

ಇಷ್ಟು ದಿನ ಯಾಕೆ ಸುಮ್ಮನಿದ್ದರು?

ಈ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. ಉತ್ತರ ಗುರು-ಶಿಷ್ಯ ಪರಂಪರೆಯೊಳಗೇ ಇದೆ. ಗುರುವಿನ ಮನೆಯಲ್ಲಿದ್ದು, ಚಾಕರಿ ಮಾಡಿ, ಪಾಠ ಹೇಳಿಸಿಕೊಳ್ಳುವುದು ನಮ್ಮ ಸಂಗೀತದ ಹಳೆಯ ಕ್ರಮ. ಭೀಮಸೇನ ಜೋಶಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತ ಕಥೆಯನ್ನೂ, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಗುರುವಿನ ಬಳಿಗೆ ಹೋಗಿ ಬರುತ್ತಿದ್ದ ಕಥೆಯನ್ನೂ ನಾವು ಅಭಿಮಾನದಿಂದ ಹೇಳುತ್ತೇವೆ. ಅದು ಶ್ರಮ, ಶಿಸ್ತು, ತಪ್ಪಿಲ್ಲ. ಆದರೆ ಮೈಹರಿನ ಅಲ್ಲಾವುದ್ದೀನ್ ಖಾನರು ಮಗ ಅಲಿ ಅಕ್ಬರ್‌ನನ್ನು ಮರಕ್ಕೆ ಕಟ್ಟಿ ಹೊಡೆಯುತ್ತಿದ್ದ ಕಥೆಯನ್ನೂ ನಾವು ಅದೇ ಅಭಿಮಾನದ ದನಿಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಪೆಟ್ಟು ತಿಂದವನು ಮುಂದೆ ಮಹಾನ್ ಸರೋದ್ ವಾದಕನಾದ. ಹಾಗಾಗಿ ಪೆಟ್ಟಿಗೂ ಪುಣ್ಯ ಬಂತು. ಪೆಟ್ಟು ತಿಂದು ಸಂಗೀತವನ್ನೇ ಬಿಟ್ಟುಹೋದವರ ಕಥೆ ಮಾತ್ರ ಯಾವ ಜೀವನಚರಿತ್ರೆಗೂ ಸೇರುವುದಿಲ್ಲ.

ಹೆಂಗಸರಿಗೆ ಇನ್ನೊಂದು ಭಯವೂ ಇತ್ತು. ಹಾಡುವ ಹೆಣ್ಣನ್ನೇ ಶಂಕೆಯಿಂದ ನೋಡುತ್ತಿದ್ದ ಕಾಲ ಬಹಳ ಹಿಂದಿನದಲ್ಲ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಸ್ವಂತ ಹಣದಿಂದ ಗುಡಿ ಕಟ್ಟಿಸಿದರು. ಆದರೂ ಅಲ್ಲಿನ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿರಲಿಲ್ಲ; ಅವರು ಹೆಂಗಸರದೇ ಬೇರೆ ಆರಾಧನೆ ನಡೆಸಿ ಹಕ್ಕು ಪಡೆಯಬೇಕಾಯಿತು. ಗಂಗೂಬಾಯಿಯವರು ಬಾಲ್ಯದಲ್ಲಿ ‘ಗಾನೇವಾಲಿ’ ಎಂಬ ಮೂದಲಿಕೆ ಕೇಳಿದವರು. ಇಂಥ ಕಡೆ ದೂರು ಹೇಳಿದರೆ ಮಸಿ ಬಳಿಯುವುದು ಯಾರ ಮುಖಕ್ಕೆ ಎಂಬುದು ಪ್ರತಿ ಹುಡುಗಿಗೂ ಗೊತ್ತಿತ್ತು. ಜೊತೆಗೆ ಮೊದಲ ವೇದಿಕೆ, ಪಕ್ಕವಾದ್ಯದವರ ಪರಿಚಯ, ಸಭೆಗಳಿಗೆ ಶಿಫಾರಸು ಎಲ್ಲವೂ ಗುರುವಿನ ಕೈಯಲ್ಲೇ. ಬಾಯಿ ಬಿಟ್ಟರೆ ವಿದ್ಯೆಯೂ ಹೋಯಿತು, ಅವಕಾಶವೂ ಹೋಯಿತು.

ಹಾಗಾದರೆ ಹಾಡು?

ಎಲ್ಲ ಆರೋಪವೂ ಒಂದೇ ತೂಕದ್ದಲ್ಲ. ಅಮೆರಿಕದ ಗಾಯಕ ಆರ್. ಕೆಲಿ ಮೇಲಿನ ಅಪರಾಧ 2021ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಮರುವರ್ಷ 30 ವರ್ಷಗಳ ಶಿಕ್ಷೆಯಾಯಿತು. ಇನ್ನು ಕೆಲವು ಸಂಗತಿಗಳನ್ನು ಮಾಡಿದವರೇ ಒಪ್ಪಿಕೊಂಡಿದ್ದಾರೆ. ಮತ್ತೆ ಕೆಲವು ಆರೋಪಗಳನ್ನು ಎದುರಿನವರು ನಿರಾಕರಿಸಿದ್ದಾರೆ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುವುದು ನ್ಯಾಯವಲ್ಲ. ಹಾಗೆಂದು ಸಾಬೀತಾಗುವ ತನಕ ದೂರನ್ನು ಕೇಳಿಸಿಕೊಳ್ಳುವುದೇ ಇಲ್ಲ ಎನ್ನುವುದೂ ನ್ಯಾಯವಲ್ಲ.

ಹಾಡಿನ ಮಾತಿಗೆ ಬಂದರೆ, ಕನ್ನಡದಲ್ಲಿ ಅದು ಒಬ್ಬರ ಸೊತ್ತಾಗಿರುವುದು ಅಪರೂಪ. ಶರೀಫರ ಪದ ಶರೀಫರದು. ಅವರು 1889ರಲ್ಲೇ ತೀರಿಕೊಂಡವರು. ಭಾವಗೀತೆಗೆ ಕವಿ ಒಬ್ಬ, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು, ನುಡಿಸಿದವರು ಮತ್ತಷ್ಟು ಜನ. ಒಬ್ಬನ ತಪ್ಪಿಗೆ ಪದವನ್ನೇ ಸುಡಬೇಕಾಗಿಲ್ಲ. ಒಂದು ದನಿ ಕೇಳಿದಾಗ ಯಾರಿಗಾದರೂ ಮನಸ್ಸು ಹಿಂಜರಿದರೆ ಅವರು ಕೇಳದಿರಲಿ; ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಆದರೆ ಮನೆಯಲ್ಲಿ ಕುಳಿತು ಕೇಳುವುದೇ ಬೇರೆ, ಶಾಲು ಹೊದಿಸಿ ಮಕ್ಕಳ ಮುಂದೆ ಗುರುವೆಂದು ಕೂರಿಸುವುದೇ ಬೇರೆ. ಮೊದಲನೆಯದು ಅಭಿರುಚಿ. ಎರಡನೆಯದು ಅಧಿಕಾರ ಕೊಟ್ಟಂತೆ. ನಾವು ಹಾಡಿನ ಬಗ್ಗೆ ಮಾತ್ರ ಚರ್ಚಿಸುತ್ತ ಈ ಅಧಿಕಾರದ ಪ್ರಶ್ನೆಯನ್ನು ಮರೆಯುತ್ತೇವೆ.

ಇದು ಚೆನ್ನೈ, ಭೋಪಾಲಗಳ ಪ್ರಶ್ನೆ ಮಾತ್ರವಲ್ಲ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಊರೂರಿನ ಗಣೇಶೋತ್ಸವಗಳಿಗೆ ಕಲಾವಿದರನ್ನು ಕರೆಸುವವರು ನಾವೇ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳು ಪಾಠಕ್ಕೆ ಹೋಗುವುದು ಹೆಚ್ಚಾಗಿ ಗುರುವಿನ ಮನೆಗೇ. ಇಂಥ ಸಣ್ಣ ಕಡೆಗಳನ್ನೂ ಕಾನೂನು ಬಿಟ್ಟಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಸ್ಥಳಗಳ ದೂರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರಿಗೆ ಮೂರು ತಿಂಗಳ ಗಡುವು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವರ್ಷಗಟ್ಟಲೆ ನುಂಗಿಕೊಂಡ ನೋವಿಗೆ ಈ ಬಾಗಿಲು ಮುಚ್ಚಿರುತ್ತದೆ ಎಂಬುದು ಕಾಯ್ದೆಯ ದೊಡ್ಡ ಕೊರತೆ. ಹದಿನೆಂಟು ತುಂಬದ ಮಕ್ಕಳಾದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ.

ಗುರುಭಕ್ತಿಗೆ ಇದರಿಂದ ಕುಂದಿಲ್ಲ. ಪಾಠದ ಕೋಣೆಯ ಬಾಗಿಲು ತೆರೆದಿರಲಿ ಎಂದು ಕೇಳಿದರೆ ಒಳ್ಳೆಯ ಗುರುವಿಗೆ ಬೇಸರವಾಗದು. ಪಾಠಕ್ಕೆ ಹೋಗುತ್ತಿದ್ದ ಮಗಳು ಒಂದು ದಿನ ‘ಇನ್ನು ಹೋಗುವುದಿಲ್ಲ’ ಎಂದರೆ, ಪರೀಕ್ಷೆ ಹತ್ತಿರ ಬಂತಲ್ಲ ಎಂದು ಗದರುವ ಮೊದಲು ಯಾಕೆಂದು ಕೇಳಬೇಕು. ಹೇಳಿದರೆ, ನಂಬಬೇಕು.